ಮಂಡಿಗೊಂದು ಕವಚ

ಐವತ್ತೆಂಟು ವರ್ಷ ನನ್ನ ಮಂಡಿಗಳು ನನ್ನ ಸ್ವಂತ ಆಸ್ತಿಯಾಗಿದ್ದವು. ಹೋದ ವರ್ಷ ಒಂದು ಮದುವೆಯ ಪಂಕ್ತಿಯಲ್ಲಿ ನೆಲಕ್ಕೆ ಕೂರುವಾಗ ‘ಅಮ್ಮಾ’ ಎಂದದ್ದೇ ತಡ, ಬಲಮಂಡಿ ಸಾರ್ವಜನಿಕರ ಪಾಲಾಯಿತು. ಎದುರು ಸಾಲಿನವರು ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ ಎಂದರು. ಪಕ್ಕದವರು ತಾಮ್ರದ ಬಳೆ ಎಂದರು. ಬಡಿಸುತ್ತಿದ್ದ ಭಟ್ಟರು ಸಾರಿನ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿ, ತಮ್ಮ ಭಾವಮೈದುನ ಹಚ್ಚಿಕೊಂಡ ಎಣ್ಣೆಯ ಮಹಿಮೆಯನ್ನು ಆದ್ಯಂತ ವರ್ಣಿಸಿದರು. ಅವರು ಈಗ ಹೇಗಿದ್ದಾರೆ ಎಂದು ಕೇಳಿದೆ. ‘ಚೆನ್ನಾಗಿದ್ದಾರೆ, ಆಪರೇಷನ್ ಆಯಿತಲ್ಲ!’

ಡಾಕ್ಟರು ಎಕ್ಸ್‌ರೇ ನೋಡಿ ‘ಸವೆತ’ ಎಂದು ಒಂದೇ ಮಾತಿನಲ್ಲಿ ಮುಗಿಸಿ, ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿನ ಹುಡುಗಿ ಒಂದು ಹಾಳೆ ಕೊಟ್ಟಳು. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಿ ಹಿಡಿಯಿರಿ. ಕುರ್ಚಿಯಲ್ಲಿ ಕೂತು ಕಾಲು ನೀಡಿ, ನಿಧಾನಕ್ಕೆ ಇಳಿಸಿ. ತೊಡೆಯ ಸ್ನಾಯು ಬಲಿತರೆ ಕೀಲಿಗೆ ಆಸರೆ; ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕೋಲು ಹಿಡಿಯುವುದಾದರೆ ನೋಯುವ ಕಾಲಿನ ಕಡೆಗಲ್ಲ, ಇನ್ನೊಂದು ಕೈಯಲ್ಲಿ. ಮೊದಲ ಕೆಲವು ದಿನ ನೋವು ಕೊಂಚ ಹೆಚ್ಚಬಹುದು, ಬಿಡಬೇಡಿ.

ಮನೆಯಲ್ಲಿ ಹಾಳೆ ಕೈಯಿಂದ ಕೈಗೆ ಹೋಯಿತು. ‘ಇಷ್ಟೇನಾ?’ ಎಂದಳು ಮಡದಿ. ಟವೆಲ್ ಮನೆಯಲ್ಲೇ ಇದೆ, ಕುರ್ಚಿಯೂ ಇದೆ. ಡಬ್ಬಿಯಿಲ್ಲ, ವಾರಂಟಿಯಿಲ್ಲ, ಕಂತಿನ ಸೌಲಭ್ಯವಿಲ್ಲ. ನಾಲ್ಕು ಜನರ ಮುಂದೆ ಇದನ್ನು ಚಿಕಿತ್ಸೆ ಎಂದು ಹೇಳಿಕೊಳ್ಳುವುದಾದರೂ ಹೇಗೆ? ಬ್ರಿಟನ್ನಿನಲ್ಲಿ ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಸಲಹೆ ಕೊಡುವ ನೈಸ್ ಸಂಸ್ಥೆ, ಕೀಲು ಸವೆತದ ಬಗೆಗಿನ 2022ರ ಮಾರ್ಗಸೂಚಿಯಲ್ಲಿ ಮುಂದಿಟ್ಟದ್ದೂ ಈ ವ್ಯಾಯಾಮ, ತೂಕ ಇಳಿಕೆಗಳನ್ನೇ. ಅಕ್ಯುಪಂಕ್ಚರ್ ಬೇಡ, ವಿದ್ಯುತ್ ಯಂತ್ರಗಳೂ ಬೇಡ, ಬೆಲ್ಟುಗಳನ್ನು ಸುಮ್ಮಸುಮ್ಮನೆ ಕಟ್ಟಬೇಡಿ ಎಂದಿತು. ಅವರಿಗೇನು, ನಮ್ಮ ಟಿವಿ ಬರುವುದಿಲ್ಲ.

ನಮಗೆ ಬರುತ್ತದೆ, ರಾತ್ರಿ ಹನ್ನೊಂದರ ಮೇಲೆ. ಮೆಟ್ಟಿಲಲ್ಲಿ ನರಳುತ್ತಿದ್ದ ಅಜ್ಜಿ ಅಯಸ್ಕಾಂತದ ಬೆಲ್ಟ್ ಕಟ್ಟಿದ ಮರುಕ್ಷಣ ಮೊಮ್ಮಗನೊಡನೆ ಕುಂಟೆಬಿಲ್ಲೆ ಆಡುತ್ತಾಳೆ. ಪವಾಡದ ಚಿಕಿತ್ಸೆಗಳ ಜಾಹೀರಾತನ್ನು ತಡೆಯಲು 1954ರಲ್ಲೇ ಕಾಯ್ದೆ ಬಂದಿದೆ. ತಾಯಿತ, ಮಂತ್ರ, ಕವಚ ಎಂದು ಹೆಸರಿಸಿಯೇ ಬರೆದಿದ್ದಾರೆ. ಕಾಯ್ದೆಗೂ ಎಪ್ಪತ್ತು ದಾಟಿತು. ಅದಕ್ಕೂ ಮಂಡಿನೋವಿರಬೇಕು, ಸ್ಟುಡಿಯೋದ ಮೆಟ್ಟಿಲು ಹತ್ತುವುದಿಲ್ಲ.

ಕವಚವನ್ನು ನಾನೂ ತರಿಸಿದೆ. ಮೊಣಕಾಲಿಗೆ ಕಟ್ಟಿಕೊಂಡರೆ ಕುರುಕ್ಷೇತ್ರಕ್ಕೆ ಹೊರಟಂತಿತ್ತು. ತರಕಾರಿ ಅಂಗಡಿಯ ತನಕವೂ ಹೋಗಲಾಗಲಿಲ್ಲ. ಆಮೇಲೆ ಮಗ ನಡುಗುವ ಯಂತ್ರವೊಂದನ್ನು ಕಂತಿನಲ್ಲಿ ಕೊಂಡು ತಂದ. ಇದು ಮನೆಯ ಗೌರವಕ್ಕೆ ತಕ್ಕ ಚಿಕಿತ್ಸೆ. ಬಂದವರೆಲ್ಲ ಬೆಲೆ ಕೇಳುತ್ತಾರೆ, ಹುಬ್ಬೇರಿಸುತ್ತಾರೆ, ತಮ್ಮ ಕಾಲನ್ನೂ ಒಮ್ಮೆ ಇಟ್ಟು ನೋಡುತ್ತಾರೆ. ಮಂಡಿ ಹೇಗಿದೆ ಎಂದು ಈಗ ಯಾರೂ ಕೇಳುವುದಿಲ್ಲ.

ಒಂದೇ ತೊಂದರೆಯಿತ್ತು. ಯಂತ್ರ ಚಾಲೂ ಮಾಡಿದರೆ ಅದನ್ನಿಟ್ಟ ಸ್ಟೂಲು ಕಟಕಟ ಎನ್ನುತ್ತಿತ್ತು, ಒಂದು ಕಾಲು ಗಿಡ್ಡ. ಮಡದಿ ಅದಕ್ಕೂ ಪರಿಹಾರ ಕಂಡುಹಿಡಿದಳು. ಫಿಸಿಯೋ ಹುಡುಗಿಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಆ ಕಾಲಿನಡಿ ತುರುಕಿದಳು. ಸ್ಟೂಲು ಈಗ ಗಟ್ಟಿಯಾಗಿ ನಿಂತಿದೆ.