ಮೇಸ್ತ್ರಿ ಮುಂದೆ ಮಾತ್ರ ನಿಲ್ಲದ ಲಾರಿ

ಪೂರ್ತಿ ಕೆಟ್ಟು ನಿಂತ ಲಾರಿ ಎಷ್ಟೋ ವಾಸಿ. ಎಳೆಸಿಕೊಂಡು ಹೋಗಿ ಗ್ಯಾರೇಜಿಗೆ ಬಿಟ್ಟು, ಮನೆಗೆ ಬಂದು ಮಲಗಬಹುದು. ಮನಸ್ಸು ಬಂದಾಗ ಕೆಡುವ ಲಾರಿ ಇದೆಯಲ್ಲ, ಅದರ ಸಹವಾಸ ಯಾರಿಗೂ ಬೇಡ.

ನಮ್ಮ ಮಾವನ ಹಳೆ ಮಿನಿ ಲಾರಿ ಈ ಜಾತಿಯದು. ಅರಸೀಕೆರೆ ಕಡೆಯಿಂದ ಕೊಬ್ಬರಿ ಲೋಡು ಹೊತ್ತು ತಿಪಟೂರಿನ ಎಪಿಎಂಸಿಗೆ ಹೊರಟರೆ, ಎಲ್ಲಿ ಏರು ಸಿಗುತ್ತೋ ಅಲ್ಲಿ ಜಗ್ಗಿ ಜಗ್ಗಿ ಆಫ್. ಮಾವ ಇಳಿದು, ಲಾರಿಯ ವಂಶವನ್ನೆಲ್ಲ ಬೈದು, ಒಂದು ಬೀಡಿ ಸೇದಿ ಮುಗಿಸಿ ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್! ಬೀಡಿಯಿಂದಲೇ ರಿಪೇರಿ ಆಯಿತು ಅಂತ ಅವರಿಗೆ ನಿಜಕ್ಕೂ ಅನುಮಾನ.

ಇಂಥ ಹೊತ್ತಲ್ಲಿ ಸಲಹೆಗೆ ಬರಗಾಲವಿಲ್ಲ. ಟೀ ಅಂಗಡಿಯವನು ‘ಡೀಸೆಲ್‌ಗೆ ನೀರು ಸೇರಿದೆ’ ಅಂದ. ಅತ್ತೆ ‘ದೃಷ್ಟಿಯಾಗಿದೆ’ ಅಂತ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಬೈಕಲ್ಲಿ ಹೋಗುತ್ತಿದ್ದ ಒಬ್ಬರು ನಿಲ್ಲಿಸಿ, ‘ಸ್ಪಾರ್ಕ್ ಪ್ಲಗ್ ಬದಲಾಯಿಸಿ ಸಾರ್’ ಅಂದು ಹೋದರು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇರಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರೊಳಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತೆ. ಆದರೂ ಅವರು ಹೇಳಿದ ಗತ್ತು ನೋಡಿ ನಾನು ‘ಆಗಲಿ ಸಾರ್’ ಅಂದೆ.

ಗ್ಯಾರೇಜಿನ ಮೇಸ್ತ್ರಿ ‘ಏರ್ ಹಿಡೀತಿದೆ ಯಜಮಾನ್ರೆ’ ಅಂದ. ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಳ್ತಿದೆ ಅಂತ. ಫಿಲ್ಟರ್ ಬದಲಾಯಿಸಿದ. ಪೈಪಿನ ತಾಮ್ರದ ವಾಷರ್‌ಗಳನ್ನೂ ಹೊಸದು ಹಾಕಿದ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಹೋದ. ಮೊದಲು ಬುಸ್ ಅಂತ ನೊರೆ. ಆಮೇಲೆ ಗುಳ್ಳೆ ಗುಳ್ಳೆಯಾಗಿ ಡೀಸೆಲ್. ಕೊನೆಗೆ ತಿಳಿಯಾದ ಧಾರೆ ಅವನ ಮುಂಗೈ ಮೇಲೆ ಇಳಿದು ಮೊಣಕೈಯಿಂದ ತೊಟ್ಟಿಕ್ಕಿತು. ಸ್ಕ್ರೂ ಬಿಗಿ ಮಾಡಿ ಸ್ಟಾರ್ಟ್ ಮಾಡಿದರೆ ಗಂಟೆಗಟ್ಟಲೆ ಓಡಿತು. ಅವನೆದುರು ನಿಲ್ಲಲೇ ಇಲ್ಲ. ಬಿಲ್ಲು ಕೊಟ್ಟು ಹೊರಟೆವು. ಮುಂದಿನ ಏರಲ್ಲಿ ಆಫ್.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತು ಕಟ್ಟಿಕೊಂಡರೂ ಹೀಗಾಗುತ್ತೆ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗದಿದ್ದರೆ ಪಂಪು ಎಷ್ಟು ಎಳೆದರೂ ಬರಲ್ಲ. ಮುಚ್ಚಳ ಸಡಿಲ ಬಿಟ್ಟು ಓಡಿಸಿದೆವು. ಡೀಸೆಲ್ ಚೆಲ್ಲಿದ್ದೇ ಲಾಭ.

ಕೊನೆಗೆ ಮೇಸ್ತ್ರಿಯೇ ರೇಗಿ ಲಾರಿ ಹತ್ತಿದ. ಕ್ಯಾಬಿನ್ನಿನಲ್ಲಿ 5 ಲೀಟರಿನ ಕ್ಯಾನು ನೇತುಹಾಕಿ, ಅದರಿಂದ ಪೈಪು ಎಳೆದು ಸೀದಾ ಫೀಡ್ ಪಂಪಿಗೆ ಕೊಟ್ಟ. ಹೆಚ್ಚಾದ ಡೀಸೆಲ್ ವಾಪಸ್ ಬರುವ ಪೈಪನ್ನೂ ಕ್ಯಾನಿಗೇ ಬಿಟ್ಟ. ಡ್ರಿಪ್ಪು ಹಾಕಿಸಿಕೊಂಡ ರೋಗಿಯ ಹಾಗೆ ಲಾರಿ ಹೊರಟಿತು. ಎದುರಿಗೆ ಬಂದ ಬಸ್ಸಿನವರೆಲ್ಲ ಬಗ್ಗಿ ನೋಡಿದ್ದೇ ನೋಡಿದ್ದು. ಆದರೆ ಒಂದು ಏರಲ್ಲೂ ನಿಲ್ಲಲಿಲ್ಲ!

‘ಎಂಜಿನ್ ಚೆನ್ನಾಗಿದೆ. ಟ್ಯಾಂಕ್ ಬಿಚ್ರೋ’ ಅಂದ ಮೇಸ್ತ್ರಿ.

ತಳದಲ್ಲಿ ಸಿಕ್ಕಿದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಕವರಿನ ತುಂಡು. ಲೋಡಿದ್ದು ಏರು ಹತ್ತುವಾಗ ಪಂಪು ಜೋರಾಗಿ ಎಳೆಯುತ್ತೆ, ತುಂಡು ಬಂದು ಪೈಪಿನ ಬಾಯಿಗೆ ಕೂರುತ್ತೆ. ಎಂಜಿನ್ ಆಫ್ ಆದರೆ ಎಳೆತ ನಿಂತು ಮೆಲ್ಲಗೆ ತೇಲಿ ಆಚೆ ಹೋಗುತ್ತೆ. ಅದಕ್ಕೆ ಬೇಕಾದ ಹೊತ್ತೇ ಮಾವನ ಬೀಡಿ.

ಟ್ಯಾಂಕಿಗೆ ಕವರ್ ಹೇಗೆ ಬಂತು? ಕ್ಯಾನಿನಲ್ಲಿ ಡೀಸೆಲ್ ತರುವಾಗ ಸೋರದಿರಲಿ ಅಂತ ಬಾಯಿಗೆ ಕವರ್ ಇಟ್ಟು ಮುಚ್ಚಳ ತಿರುಗಿಸುವುದುಂಟು. ಸುರಿಯುವಾಗ ಜಾರಿದೆ. ‘ಯಾರೋ ಇದು?’ ಅಂತ ಮಾವ ಕ್ಲೀನರ್ ಹುಡುಗನನ್ನು ಗದರಿದರು. ಅವನು ಮಾತಾಡದೆ ಆ ತುಂಡನ್ನು ಒರೆಸಿ ಬಿಸಿಲಿಗೆ ಹಿಡಿದ. ಅರ್ಧ ಅಳಿಸಿದ ಅಕ್ಷರ: ಮಾವ ದಿನಾ ಸಂಜೆ ಖಾರಾಬೂಂದಿ ಕಟ್ಟಿಸಿಕೊಳ್ಳುವ ಅಂಗಡಿಯ ಹೆಸರು.

ಮಾವ ಕನ್ನಡಕ ಏರಿಸಿ, ಹತ್ತಿರದಿಂದ ನೋಡಿ, ‘ಆ ಅಂಗಡೀಲಿ ಊರೋರೆಲ್ಲ ಬೂಂದಿ ತಗೋತಾರಪ್ಪ’ ಅಂದರು.