ಗರಗಸ, ಗಜ ಮತ್ತು ನನ್ನ ಹುಟ್ಟುಹಬ್ಬ

ನನಗೆ ಎರಡು ಹುಟ್ಟುಹಬ್ಬ. ಒಂದು ಅಮ್ಮ ಹೇಳುವುದು, ಇನ್ನೊಂದು ಸರ್ಕಾರ ನಂಬುವುದು.

ಅಮ್ಮನ ಪ್ರಕಾರ ನಾನು ಹುಟ್ಟಿದ್ದು ಗಣೇಶನ ಹಬ್ಬದ ಮಾರನೇ ದಿನ, ಉಳಿದ ಕಡುಬು ಬಿಸಿ ಮಾಡುವ ಹೊತ್ತಿಗೆ. ಯಾವ ವರ್ಷ ಅಂತ ಕೇಳಿದರೆ, “ಕೆರೆ ಕೋಡಿ ಬಿದ್ದಿತ್ತಲ್ಲ, ಆ ವರ್ಷ” ಅನ್ನುತ್ತಾಳೆ. ನಮ್ಮೂರ ಕೆರೆ ಹತ್ತಿರ ಹತ್ತಿರದಲ್ಲೇ ಎರಡು ಸಲ ಕೋಡಿ ಬಿದ್ದಿದೆ. ನಾನು ಯಾವಾಗಲೂ ಎರಡನೇ ಸಲದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಸರ್ಕಾರದ್ದು ಸುಲಭ. ಅಪ್ಪ ನನ್ನನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಹೆಡ್ ಮೇಷ್ಟ್ರು ನನ್ನ ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡಿದರು. ಬೆರಳು ಕಿವಿಗೆ ತಾಗಿತು. ವಯಸ್ಸು ತುಂಬಿತು ಅಂತ ಅರ್ಥ. ಜೂನ್ 1 ಅಂತ ಬರೆದರು. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲರ ಕಿವಿಯೂ ಸಿಕ್ಕಿತು, ಅವರೂ ಜೂನ್ 1. ಆ ದಿನ ಹೆರಿಗೆ ಆಸ್ಪತ್ರೆಗಳಿಗಿಂತ ನಮ್ಮ ಹೆಡ್ ಮೇಷ್ಟ್ರ ಟೇಬಲ್ ಮೇಲೆ ಜಾಸ್ತಿ ಮಕ್ಕಳು ಹುಟ್ಟಿದರು. ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತರಾಗಬೇಕು ಅನ್ನುವ ನಿಯಮ ಇರುವುದರಿಂದ, ಮೇ 31 ಬಂತೆಂದರೆ ನಮ್ಮ ಕಡೆ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಎಲ್ಲಿಲ್ಲದ ಗಿರಾಕಿ. ನನ್ನ ಶಾಲೂ ಒಂದು ದಿನ ಅದೇ ದಿನ ಬರುತ್ತದೆ.

ಈಗ ನಾನೇ ಟೀಚರ್. ತಿಪಟೂರು ಕಡೆಯ ಒಂದು ತೆಂಗಿನ ತೋಟದ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಕ್ಲಾಸು ನನ್ನದು. ಒಂದು, ಎರಡು, ಮೂರನೇ ಕ್ಲಾಸಿನ 24 ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಬೆಂಚಿಲ್ಲ, ಪಾಠ ಒಪ್ಪಿಸುವುದಿಲ್ಲ. ಕಾರ್ಡುಗಳಿವೆ. ಒಂದು ಕಾರ್ಡು ಮುಗಿದರೆ ಮುಂದಿನದು, ಅವರವರ ವೇಗದಲ್ಲಿ. ಮಕ್ಕಳು ಕೂರುವ ಗುಂಪಿಗೆ ‘ತಟ್ಟೆ’ ಅಂತ ಹೆಸರು. ಟೀಚರ್ ಜೊತೆ ಕೂತು ಕಲಿಯುವ ತಟ್ಟೆ ಒಂದು, ಗೆಳೆಯರ ಜೊತೆ ಕಲಿಯುವುದು ಇನ್ನೊಂದು, ತನ್ನಷ್ಟಕ್ಕೆ ತಾನೇ ಕಲಿಯುವುದು ಮತ್ತೊಂದು.

ಈ ಹೆಸರು ಇಟ್ಟವರು ಬಿಸಿಯೂಟದ ಬಗ್ಗೆ ಯೋಚಿಸಿರಲಿಲ್ಲ ಅನ್ನಿಸುತ್ತದೆ. ಪ್ರತಿ ವರ್ಷ ಹೊಸ ಮಗುವಿಗೆ “ಹೋಗು ಪುಟ್ಟ, ನಿನ್ನ ತಟ್ಟೆಗೆ ಹೋಗು” ಅಂದ ಕೂಡಲೇ ಅದು ಎದ್ದು ಸೀದಾ ಅಡುಗೆಮನೆಗೆ ಹೋಗುತ್ತದೆ. ಈ ವರ್ಷ ಒಬ್ಬ ಹೋದವನು ವಾಪಸ್ಸೇ ಬರಲಿಲ್ಲ. ನೋಡಿದರೆ ಸ್ಟೀಲ್ ತಟ್ಟೆ ಮುಂದೆ ಇಟ್ಟುಕೊಂಡು ಕೂತಿದ್ದಾನೆ, ಗಂಟೆ ಹತ್ತೂವರೆ. ಅಡುಗೆ ಅಕ್ಕ ಪಾಪ, “ಟೀಚರ್ ಕಳ್ಸಿದ್ರು ಅಂತಾನೆ” ಅಂತ ಒಗ್ಗರಣೆ ಬೀಳದ ಸಾರನ್ನೇ ಒಂದು ಸೌಟು ಹಾಕಿ ಕೊಟ್ಟಿದ್ದರು. ಇವನ ಪಾಲಿಗೆ ಅದು ‘ತನ್ನಷ್ಟಕ್ಕೆ ತಾನೇ’ ತಟ್ಟೆ.

ಇನ್ನು ಅಕ್ಷರ. ನಲಿ-ಕಲಿಯಲ್ಲಿ ಅ ಆ ಇ ಈ ಕ್ರಮವಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಮಗು ಮರುದಿನವೇ ಪದ ಓದುತ್ತದೆ. ಸರ, ಅರಸ, ಅಗಸ, ಗರಗಸ. ಅಪ್ಪ ಅಮ್ಮಂದಿರಿಗೆ ಇದು ಅರ್ಥ ಮಾಡಿಸುವುದೇ ಒಂದು ಹಬ್ಬ. ಜುಲೈನಲ್ಲಿ ಒಬ್ಬರು ತೋಟದಿಂದ ನೇರ ಬಂದು, ಕೈಯಲ್ಲಿ ಮಚ್ಚು ಇರುವಂತೆಯೇ ಕೇಳಿದರು: “ಏನ್ ಮೇಡಂ, ನನ್ ಮಗಂಗೆ ಅಮ್ಮ ಅಂತ ಬರಿಯಾಕೆ ಬರಲ್ಲ, ಗರಗಸ ಅಂತ ಗೋಡೆ ತುಂಬ ಬರ್ದವ್ನೆ. ಬಡಗಿ ಮಾಡ್ತೀರಾ?”

ಹುಟ್ಟುಹಬ್ಬದ ತಾಪತ್ರಯ ಶುರುವಾಗಿದ್ದು ಒಂದು ಚಾರ್ಟಿನಿಂದ. ಅದೂ ನಾನೇ ಮಾಡಿದ್ದು, ಯಾರೂ ಹೇಳಿರಲಿಲ್ಲ. ಜೂನ್ ಮೊದಲ ವಾರದ ಉತ್ಸಾಹ ಅದು. ಬಾಗಿಲಿನ ಮಾವಿನ ತೋರಣ ಇನ್ನೂ ಒಣಗಿರುವುದಿಲ್ಲ, ಸ್ಕೆಚ್ ಪೆನ್ನುಗಳೂ ಒಣಗಿರುವುದಿಲ್ಲ. ಹನ್ನೆರಡು ತಿಂಗಳಿಗೆ ಹನ್ನೆರಡು ಬಲೂನು ಬರೆದು, ಒಳಗೆ ಮಕ್ಕಳ ಹೆಸರು ಬರೆದೆ. ತಿಂಗಳ ಹೆಸರೂ ಕಲಿತಂತಾಯಿತು, ಹಬ್ಬವೂ ಆಯಿತು ಅಂತ ನನ್ನ ಲೆಕ್ಕ. ಈಗಿನ ಮಕ್ಕಳಿಗೆಲ್ಲ ಜನನ ಪ್ರಮಾಣಪತ್ರ ಇದೆ, ಕಿವಿ ಮುಟ್ಟಿಸುವ ಕೆಲಸ ಇಲ್ಲ.

ಮೊದಲ ಬಲೂನು ಒಡೆದಿದ್ದು ಅಂಗಡಿ ಮನೆ ಹುಡುಗನದು. ಹೊಸ ಬಟ್ಟೆ, ಕೈಯಲ್ಲಿ ಚಾಕ್ಲೇಟ್ ಪ್ಯಾಕೆಟ್. ಹವಾಮಾನ ನಕ್ಷೆಯಲ್ಲಿ ಅವತ್ತಿನ ಚಿತ್ರ ಹಾಕುವ ಗೌರವವನ್ನೂ ಅವನಿಗೇ ಕೊಟ್ಟೆ. ಹೊರಗೆ ಹೆಂಚು ಕಿತ್ತುಹೋಗುವಂಥ ಮಳೆ. ಅವನು ಸೂರ್ಯ ಬರೆದ. “ಮಳೆ ಬರ್ತಿದೆಯಲ್ಲೋ” ಅಂದರೆ, “ನನ್ ಬತ್‌ಡೇ ಅಲ್ವಾ ಮಿಸ್” ಅಂದ. ಆಮೇಲೆ ಚಾಕ್ಲೇಟ್ ಹಂಚಿದ. ಆಪ್ತ ಗೆಳೆಯನಿಗೆ ಎರಡು. ಹೋದ ವಾರ ಪೆನ್ಸಿಲ್ ಕಸಿದವನಿಗೆ ಸೊನ್ನೆ. ನನಗೆ ಒಂದು, ಹೆಡ್ ಮೇಷ್ಟ್ರಿಗೆ ಅರ್ಧ, ಯಾಕೆಂದರೆ ಅದಾಗಲೇ ಅವನ ಬಾಯಲ್ಲಿತ್ತು. ಕೊನೆಗೆ ಇಬ್ಬರು ಮಕ್ಕಳಿಗೆ ಸಾಲದೇ ಬಂದು ಕ್ಲಾಸಿನಲ್ಲಿ ಗೋಳೋ. ನಾನು ಮೂರು ವಾರ ಬೀಜ, ಕಡ್ಡಿ ಇಟ್ಟುಕೊಂಡು ಹೇಳಿಕೊಟ್ಟ ಸಮ ಹಂಚಿಕೆ ಮೂರು ನಿಮಿಷದಲ್ಲಿ ಮಣ್ಣುಪಾಲು.

ಅದಾದ ಮೇಲೆ ಒಂದು ವಿಷಯ ಗಮನಿಸಿದೆ. ಮೂರನೇ ಕ್ಲಾಸಿನ ಒಬ್ಬಳು, ಎರಡು ಜಡೆಯವಳು, ಒಂದು ದಿನವೂ ತಪ್ಪಿಸದವಳು, ಸರಿಯಾಗಿ ತನ್ನ ಹುಟ್ಟುಹಬ್ಬದ ದಿನ ಬರಲಿಲ್ಲ. ಮಾರನೇ ದಿನ ಕೇಳಿದರೆ “ಜ್ವರ” ಅಂದಳು, ಬಲೂನಿನ ಕಡೆ ನೋಡದೆ. ಆ ಚಾರ್ಟು ಬರೆದ ನನ್ನ ಕೈಯನ್ನೇ ನಾನು ಬೈದುಕೊಂಡೆ.

ಅವತ್ತೇ ಹೊಸ ನಿಯಮ ಮಾಡಿದೆ: ಇನ್ನು ಮೇಲೆ ಚಾಕ್ಲೇಟ್ ಇಲ್ಲ. ಹುಟ್ಟುಹಬ್ಬದ ದಿನ ಶಾಲೆಗೆ ಒಂದು ಗಿಡ ಕೊಡಬೇಕು. ದುಡ್ಡು ಬೇಡ, ಒಂದು ಕಡ್ಡಿ ನೆಟ್ಟರೂ ಸಾಕು. ಹೆಡ್ ಮೇಷ್ಟ್ರು “ಭಾಳ ಒಳ್ಳೆ ಐಡಿಯಾ ಮೇಡಂ” ಅಂದರು. ಅವರು ಹಾಗಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮೊದಲ ಗಿಡ ಹೊಂಗೆ ಸಸಿ. ಹುಡುಗ ಬೇರು ಸಮೇತ, ಮಣ್ಣು ಸಮೇತ, ಯೂನಿಫಾರಂ ಸಮೇತ ತಂದ. ಎಲ್ಲರೂ ಚಪ್ಪಾಳೆ ತಟ್ಟಿ, ಕೊಳಾಯಿ ಪಕ್ಕ ನೆಟ್ಟು, ನೆನಪಿಗೆ ಇರಲಿ ಅಂತ ನಾನೊಂದು ಕೆಂಪು ರಿಬ್ಬನ್ ಕಟ್ಟಿದೆ. ಹತ್ತು ದಿನ ಬಿಟ್ಟು ಇನ್ನೊಬ್ಬನ ಹುಟ್ಟುಹಬ್ಬ. ಅವನೂ ಹೊಂಗೆ ತಂದ. ಈ ಊರಿನವರಿಗೆ ಹೊಂಗೆ ಮೇಲೆ ಏನು ಪ್ರೀತಿ ಅಂದುಕೊಂಡು ಅಡುಗೆಮನೆ ಹಿಂದೆ ನೆಡಿಸಿದೆ. ಅವತ್ತು ಜಿಟಿಜಿಟಿ ಮಳೆ, ಸರಿಯಾಗಿ ನೋಡಲಿಲ್ಲ. ಮೂರನೆಯವಳು ತಂದಾಗ ಬಿಸಿಲಿತ್ತು. ಸಸಿಯ ಕೊರಳಲ್ಲಿ ಕೆಂಪು ರಿಬ್ಬನ್. ನಾನೇ ಹಾಕಿದ ಗಂಟು.

“ಎಲ್ಲಿಂದ ತಂದೆ ಇದನ್ನ?”

“ಅಡುಗೆಮನೆ ಹಿಂದಿಂದ ಮಿಸ್.”

“ಅದು ಅವನು ಕೊಟ್ಟಿದ್ದಲ್ವಾ?”

“ಅವನು ಕೊಳಾಯಿ ಹತ್ರದ್ದು ಕೊಟ್ಟ ಮಿಸ್. ಗಿಡ ಕೊಡಿ ಅಂದ್ರಲ್ಲ, ಕೊಟ್ವಿ.”

ಆಮೇಲೆ ಮೊದಲನೆಯವನನ್ನು ವಿಚಾರಿಸಿದೆ. ಅವನು ತಂದಿದ್ದು ಎಲ್ಲಿಂದ? ಧ್ವಜದ ಕಟ್ಟೆ ಪಕ್ಕದಿಂದ. ಅಲ್ಲಿ ಇದ್ದಿದ್ದು ಜೂನ್ 5ರ ಪರಿಸರ ದಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಫೋಟೋಗೆ ನಿಂತು ನೆಟ್ಟ ಸಸಿ! ಅಧ್ಯಕ್ಷರು ಆಗಸ್ಟ್ 15ಕ್ಕೆ ಬಂದಾಗ ಬಾವುಟ ಏರುವುದನ್ನು ಬಿಟ್ಟು ಕಟ್ಟೆಯ ಪಕ್ಕವೇ ನೋಡುತ್ತಿದ್ದರು. ಬೂಂದಿ ಹಂಚುವ ಹೊತ್ತಿಗೆ ಕೇಳಿಯೇ ಬಿಟ್ಟರು, “ನನ್ ಗಿಡ ಒಣಗೋಯ್ತಾ ಮೇಡಂ?” ನಾನು ಬಾಯಿ ತೆಗೆಯುವ ಮೊದಲೇ ಅಂಗಡಿ ಮನೆ ಹುಡುಗ ಸಮಾಧಾನ ಹೇಳಿದ: “ಇಲ್ಲ ತಾತ, ಚೆನ್ನಾಗಿದೆ. ಊರೆಲ್ಲ ತಿರುಗಾಡ್ಕೊಂಡು ಈಗ ಬಾವಿ ಹತ್ರ ಐತೆ.” ಹೊಂಗೆ ಗಟ್ಟಿ ಜೀವ. ನಾಲ್ಕು ಸಲ ನೆಟ್ಟರೂ ಬದುಕಿಕೊಂಡಿದೆ. ವರ್ಗಾವಣೆ ತಡೆದುಕೊಳ್ಳುವುದರಲ್ಲಿ ನಮ್ಮ ಇಲಾಖೆಯವರನ್ನೂ ಮೀರಿಸಿದೆ.

ಗಿಡದ ನಿಯಮವೂ ಬಿತ್ತು. ಅದೇ ವಾರ ಎರಡು ಜಡೆಯವಳ ಅಜ್ಜಿ ಶಾಲೆಗೆ ಬಂದರು. ಸೆರಗಿನಲ್ಲಿ ಒಂದು ಗಂಟು. ಬಿಚ್ಚಿದರೆ ಹಳೇ ಪೇಪರಿನಲ್ಲಿ ಕಟ್ಟಿದ ಪೊಟ್ಟಣಗಳು, ಒಂದೊಂದರಲ್ಲೂ ಒಂದು ಹೋಳು ಕೊಬ್ಬರಿ, ಒಂದು ಚೂರು ಬೆಲ್ಲ. ಎಣಿಸಿದೆ, ಸರಿಯಾಗಿ 24. “ಟೀಚರಮ್ಮ, ಅವತ್ತು ನಾನೇ ಕಳ್ಸಿರ್ಲಿಲ್ಲ ಮಗೀನ. ಬರಿಗೈಲಿ ಹೆಂಗೆ ಕಳ್ಸೋದು ಅಂತ. ಆಮೇಲೆ ಅನ್ನುಸ್ತು, ಮನೇಲಿ ಅಟ್ಟದ ತುಂಬ ಕೊಬ್ರಿ ಮಡಿಕ್ಕೊಂಡು ನಾನ್ಯಾಕೆ ಸಂಕೋಚ ಪಡ್ಲಿ” ಅಂದರು. ಎರಡು ಜಡೆಯವಳೇ ಹಂಚಿದಳು. ಒಬ್ಬರಿಗೊಂದು, ಲೆಕ್ಕ ತಪ್ಪಲಿಲ್ಲ. ಕೊಬ್ಬರಿ ಅಗಿಯುವ ಸದ್ದು ಐದು ನಿಮಿಷ ಇಡೀ ಕ್ಲಾಸಿನಲ್ಲಿ. ಒಬ್ಬ ಎಲ್ಲ ತಿಂದು ಬಾಯಿ ಒರೆಸಿಕೊಂಡು ಕೇಳಿದ, “ಚಾಕ್ಲೇಟ್ ಯಾವಾಗ ಮಿಸ್?”

ಆ ಗಲಾಟೆಯಲ್ಲೇ ಇನ್ನೊಬ್ಬಳು ಚಾರ್ಟ್ ಮುಂದೆ ನಿಂತು ಕೇಳಿದಳು, “ಮಿಸ್, ನಿಮ್ ಬಲೂನ್ ಯಾವ್ದು?”

ಸುಳ್ಳು ಹೇಳಬಾರದು ಅಂತ ಬೆಳಗ್ಗೆಯಷ್ಟೇ ಹೇಳಿದ್ದೆ. ಹಾಗಾಗಿ ಎರಡೂ ಹೇಳಿದೆ. ಪುಸ್ತಕದಲ್ಲಿ ಜೂನ್ 1, ಮನೆಯಲ್ಲಿ ಗಣೇಶನ ಹಬ್ಬದ ಮಾರನೇ ದಿನ. ಕ್ಲಾಸು ಒಂದು ಗಳಿಗೆ ಸುಮ್ಮನಾಯಿತು. ಎರಡು ಸಲ ಹುಟ್ಟಿದವರನ್ನು ಅವರು ನೋಡಿರಲಿಲ್ಲ. ಜೂನ್ ಆಗಲೇ ಮುಗಿದಿತ್ತು, ಆದ್ದರಿಂದ ಗಣೇಶನ ಹಬ್ಬದ್ದು ಮಾಡೋಣ ಅಂತ ಅವರೇ ತೀರ್ಮಾನ ಮಾಡಿದರು. “ಮಿಸ್‌ಗೆ ಹೇಳ್ಬಾರ್ದು” ಅಂತ ಗುಟ್ಟು ಮಾತಾಡಿಕೊಂಡರು, ನನ್ನ ಮುಂದೆಯೇ, ನನಗೇ ಕೇಳಿಸುವ ಹಾಗೆ.

ಹಬ್ಬದ ಮಾರನೇ ದಿನ ಕ್ಲಾಸಿಗೆ ಬಂದರೆ ಬಾಗಿಲು ಹಾಕಿದೆ. ಒಳಗೆ ಕಿಸಿಕಿಸಿ. ತಳ್ಳಿದರೆ ಹೂವಿನ ಪಕಳೆ ಬೀಳಬೇಕಿತ್ತಂತೆ. ಕಟ್ಟಿದವನ ದಾರ ಜಾರಿ, ಹೂವಿಟ್ಟಿದ್ದ ಮೊರವೇ ಬಿತ್ತು. ಪೆಟ್ಟೇನೂ ಆಗಲಿಲ್ಲ, ಕನ್ನಡಕ ಸೊಟ್ಟಗಾಯಿತು. ಆಮೇಲೆ ಸಾಲಾಗಿ ಬಂದು ತಾವೇ ಮಾಡಿದ ಗ್ರೀಟಿಂಗ್ ಕಾರ್ಡ್ ಕೊಟ್ಟರು.

ಮೂರನೇ ಕ್ಲಾಸಿನವರದು ಪರವಾಗಿಲ್ಲ, ವಾಕ್ಯ ಇತ್ತು. ಒಂದನೇ ಕ್ಲಾಸಿನವರ ಕಷ್ಟ ನೋಡಬೇಕಿತ್ತು. ಅಷ್ಟು ಹೊತ್ತಿಗೆ ಅವರಿಗೆ ಬಂದಿದ್ದು ಮೊದಲ ಐದು ಅಕ್ಷರ, ಆಮೇಲಿನ ಜ, ವ, ಮ, ಬ, ನ. ಒಟ್ಟು ಹತ್ತು. ಕಾಗುಣಿತ ಇಲ್ಲ, ಒತ್ತು ಇಲ್ಲ. ಇಷ್ಟರಲ್ಲೇ ಟೀಚರನ್ನು ಹೊಗಳಬೇಕು. ‘ಮಿಸ್’ ಅಂತ ಬರೆಯಲೂ ಆಗುವುದಿಲ್ಲ. ಒಬ್ಬ ಪ್ರೀತಿಯಿಂದ ‘ಗರಗಸ’ ಅಂತ ಬರೆದು ಸುತ್ತ ಹೂವು ಬಿಡಿಸಿದ್ದ. ಒಬ್ಬಳು ಸೀರೆಯುಟ್ಟ ನನ್ನ ಚಿತ್ರ ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ ‘ಗಜ’ ಅಂತ ಬರೆದಿದ್ದಳು. ಹಿಂದಿನ ದಿನ ತಿಂದ ಕಡುಬು ಲೆಕ್ಕ ಹಾಕಿಕೊಂಡು ಸುಮ್ಮನೆ ತೆಗೆದುಕೊಂಡೆ.

ಕೊನೆಗೆ ಬಂದವನು ತಟ್ಟೆ ಹಿಡಿದು ಅಡುಗೆಮನೆಗೆ ಹೋಗಿದ್ದ ಹುಡುಗ. ಅವನ ಕಾರ್ಡು ಎಲ್ಲರದಕ್ಕಿಂತ ದೊಡ್ಡದು. ಮಧ್ಯೆ ಒಂದು ಚೌಕ, ಚೌಕದೊಳಗೆ ನಾನು, ಸೊಟ್ಟಗಾಗದ ಕನ್ನಡಕದ ಸಮೇತ. ಚೌಕದ ಮೂಲೆಯಿಂದ ಮೂಲೆಗೆ ಚೆಂಡುಹೂವಿನ ಹಾರ. ಎರಡೂ ಪಕ್ಕ ದೀಪ. ಕೆಳಗೆ, ತನಗೆ ಬರುವ ಹತ್ತು ಅಕ್ಷರದಲ್ಲಿ ಎರಡನ್ನು ಬಳಸಿ, ಒಂದೂ ತಪ್ಪಿಲ್ಲದೆ, ‘ನಮನ’ ಅಂತ ಬರೆದಿದ್ದ.

“ಇದೆಲ್ಲಿ ನೋಡಿದೆಯೋ?”

“ಬಸ್‌ಸ್ಟ್ಯಾಂಡ್ ಫ್ಲೆಕ್ಸ್‌ನಲ್ಲಿ ಮಿಸ್. ನಾನೇ ಓದ್ದೆ!”

ತಾನೇ ಓದಿದ್ದಾನೆ. ಬೀದಿಯಲ್ಲಿರುವ ಪದ, ಯಾರೂ ಹೇಳಿಕೊಡದೆ, ಸೆಪ್ಟೆಂಬರಿನಲ್ಲಿ. ಇದಕ್ಕಿಂತ ಇನ್ನೇನು ಬೇಕು? ಬೆನ್ನು ತಟ್ಟಿ, ಮಕ್ಕಳ ಕೆಲಸ ತೂಗುಹಾಕುವ ಚಪ್ಪರದ ದಾರದ ನಟ್ಟನಡುವೆ, ಬಾಗಿಲಿಗೆ ಎದುರಾಗಿ ನಾನೇ ನೇತುಹಾಕಿದೆ.

ಮುಂದಿನ ವಾರ ಹೊಸದಾಗಿ ಬಂದ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಂಪನ್ಮೂಲ ವ್ಯಕ್ತಿ, ಭೇಟಿಗೆ ಬಂದರು. ನಾನು ಹಿಂದಿನ ತಟ್ಟೆಯಲ್ಲಿ ಮಕ್ಕಳ ಜೊತೆ ನೆಲಕ್ಕೆ ಕೂತಿದ್ದೆ, ಅವರಿಗೆ ಕಾಣಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು ಆ ಕಾರ್ಡಿನ ಮುಂದೆ ನಿಂತರು. ಓದಿದರು. ಕೈ ಕಟ್ಟಿಕೊಂಡರು. ಹತ್ತಿರ ಕೂತಿದ್ದ ಹುಡುಗನ ಕಡೆ ಬಗ್ಗಿ, ದನಿ ತಗ್ಗಿಸಿ ಕೇಳಿದರು:

“ನಿಮ್ಮ ಟೀಚರಾ ಮರಿ? ಪಾಪ, ಏನಾಗಿತ್ತು?”

“ಬತ್‌ಡೇ ಆಗಿತ್ತು ಸಾರ್.”