ಗೋಡೆ ಮೇಲಿನ ಹಳ್ಳಿ, 597.95

ಎಂಟು ವರ್ಷದ ಹಿಂದೆ ನಾನೊಂದು ಕವನ ಸಂಕಲನ ತಂದೆ. ಹೆಸರು 'ಗೋಡೆ ಮೇಲಿನ ಹಳ್ಳಿ'. ಬಿಟ್ಟು ಬಂದ ಊರಿನ ಫೋಟೊವನ್ನು ಬೆಂಗಳೂರಿನ ಬಾಡಿಗೆ ಮನೆ ಗೋಡೆಗೆ ತೂಗುಹಾಕಿಕೊಂಡು ನಿಟ್ಟುಸಿರು ಬಿಡುವ ಜಾತಿಯ ಪದ್ಯಗಳು. 48 ಪುಟ, 60 ರೂಪಾಯಿ. ಮುನ್ನೂರು ಪ್ರತಿಗಳಲ್ಲಿ ನೂರನ್ನು ನಾನೇ ಹಂಚಿದೆ, ನೂರು ಮಂಚದ ಕೆಳಗಿವೆ, ಉಳಿದ ನೂರರ ಲೆಕ್ಕ ಪ್ರಕಾಶಕರಿಗೂ ಭಗವಂತನಿಗೂ ಬಿಟ್ಟದ್ದು. ಆ ನೂರರಲ್ಲಿ ಒಂದು ನಮ್ಮದೇ ರಾಜ್ಯದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದೆಯೆಂದು ಮೊನ್ನೆ ತಿಳಿಯಿತು. ಹೇಗೆ ತಿಳಿಯಿತು ಅಂತ ಕೇಳಬೇಡಿ. ರಾತ್ರಿ ಹನ್ನೊಂದರ ಮೇಲೆ ಅಂತರ್ಜಾಲದಲ್ಲಿ ತನ್ನ ಹೆಸರನ್ನು ತಾನೇ ಹುಡುಕಿಕೊಳ್ಳದ ಕವಿ ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ.

ಗ್ರಂಥಾಲಯದ ಸೂಚಿಯಲ್ಲಿ ಹೀಗಿತ್ತು: ಪ್ರತಿ ಒಂದು. ವರ್ಗ ಸಂಖ್ಯೆ 597.95. ಸ್ಥಿತಿ, ಸಂಸ್ಕರಣೆಯಲ್ಲಿದೆ.

ಎಂಟು ವರ್ಷದಿಂದ ಸಂಸ್ಕರಣೆಯಲ್ಲಿದೆ! ಹಾಲನ್ನು ಸಂಸ್ಕರಿಸಲು ನಂದಿನಿಯವರಿಗೆ ಒಂದು ರಾತ್ರಿ ಸಾಕು. ಮನುಷ್ಯನಿಗೆ ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗೆ ಇರುವುದೇ ಹದಿನಾರು ಸಂಸ್ಕಾರ. ನಲವತ್ತೆಂಟು ಪುಟದ ಪುಸ್ತಕಕ್ಕೆ ಅದಕ್ಕಿಂತ ಹೆಚ್ಚು ಏನು ಮಾಡುತ್ತಿದ್ದಾರೆ ನೋಡೋಣವೆಂದು ಬಸ್ಸು ಹತ್ತಿದೆ.

ವಿಶ್ವವಿದ್ಯಾಲಯದ ಗ್ರಂಥಾಲಯವೆಂದರೆ ಹೊರಗಿನವರು ನೋಡುವುದು ಮುಂಭಾಗವನ್ನು. ಗಾಜಿನ ಬಾಗಿಲು, ಕಳ್ಳತನ ತಡೆಯಲು ಕೀಂ ಅನ್ನುವ ಗೇಟು, ದಿನಪತ್ರಿಕೆಯ ಹಿಂದೆ ನಿದ್ರಿಸುವ ಸಂಶೋಧಕರು. ಪುಸ್ತಕದ ನಿಜವಾದ ಜೀವನ ನಡೆಯುವುದು ಹಿಂದುಗಡೆ, ಜನರೇಟರಿಗೂ ಶೌಚಾಲಯಕ್ಕೂ ನಡುವಿನ ಕೋಣೆಯಲ್ಲಿ. 'ತಾಂತ್ರಿಕ ವಿಭಾಗ' ಅಂತ ಬೋರ್ಡು. ಒಳಗೆ ಯಂತ್ರಗಳಿರಬೇಕೆಂದು ಭಾವಿಸಿದ್ದೆ. ಇದ್ದದ್ದು ಅಂಟಿನ ಡಬ್ಬ, ಸ್ಟ್ಯಾಂಪ್ ಪ್ಯಾಡು, ಮೂರು ಮೇಜು, ನೆಲದಿಂದ ಕಿಟಕಿಯವರೆಗೆ ದಾರ ಕಟ್ಟಿದ ಪುಸ್ತಕದ ಬಂಡಲುಗಳು, ಮತ್ತು ಅವುಗಳ ನಡುವೆ ಒಬ್ಬ ಸಹಾಯಕ ಗ್ರಂಥಪಾಲಕಿ, ಒಬ್ಬ ಅಟೆಂಡರು. ಮಂಜೂರಾದ ಹುದ್ದೆ ಎಷ್ಟು ಅಂತ ಕೇಳಿದ್ದಕ್ಕೆ ಮೇಡಂ ನಕ್ಕು, "ಹುದ್ದೆಗಳೂ ಸಂಸ್ಕರಣೆಯಲ್ಲಿವೆ ಸಾರ್" ಅಂದರು.

ಆಕೆ ನನಗೆ ಹೇಳಿದ ಮೊದಲ ಸತ್ಯ: ಪುಸ್ತಕಕ್ಕೆ ಎರಡು ಬಗೆಯ ಹುಟ್ಟು. ಒಂದು ಆಡಿಟ್ಟಿನವರಿಗೆ, ಇನ್ನೊಂದು ಓದುಗನಿಗೆ. ಮೊದಲನೆಯದು ಮಾರ್ಚ್ 31ರ ರಾತ್ರಿ. ಆರ್ಥಿಕ ವರ್ಷದ ಅನುದಾನ ಹನ್ನೊಂದು ತಿಂಗಳು ನಿದ್ದೆ ಹೊಡೆದು ಮಾರ್ಚಿನಲ್ಲಿ ಎದ್ದು ಕೂರುತ್ತದೆ. ಆ ತಿಂಗಳ ಕೊನೆಗೆ ಟೆಂಪೋ ತುಂಬ ಪುಸ್ತಕ ಬಂದು ಬೀಳುತ್ತವೆ. ಬಿಲ್ಲಿನ ಹಿಂದೆ 'ದಾಸ್ತಾನು ವಹಿಯಲ್ಲಿ ನಮೂದಿಸಿದೆ' ಅಂತ ಬರೆದು ನಂಬರು ಹಾಕದೆ ಹಣಕಾಸು ಶಾಖೆ ಬಿಲ್ ಪಾಸು ಮಾಡುವುದಿಲ್ಲ. ಆದ್ದರಿಂದ ಆ ವಹಿಯಲ್ಲಿ, ಅಂದರೆ ಅಕ್ಸೆಶನ್ ರಿಜಿಸ್ಟರಿನಲ್ಲಿ, ರಾತ್ರೋರಾತ್ರಿ ಸಾವಿರಾರು ನಂಬರು ಬೀಳುತ್ತವೆ. ಆ ಹೊತ್ತಿಗೆ ಬಂಡಲಿನ ದಾರವನ್ನೂ ಬಿಚ್ಚಿರುವುದಿಲ್ಲ. ಅಲ್ಲಿಗೆ ಸರಬರಾಜುದಾರ ತೃಪ್ತ, ಹಣಕಾಸಿನವರು ತೃಪ್ತ, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಎಣಿಸಿ ತೋರಿಸಲು ಸಂಖ್ಯೆಯೂ ಸಿದ್ಧ. ಇನ್ನು ಎರಡನೆಯ ಹುಟ್ಟಿಗೆ ಅವಸರವೇನು? ನನ್ನ ಪುಸ್ತಕದ ಜಾತಕರ್ಮವೂ ಅಂಥದೇ ಒಂದು ಮಾರ್ಚಿನಲ್ಲಿ ನಡೆದಿತ್ತು. ಆಮೇಲೆ ಬಾಣಂತನ ಶುರುವಾದದ್ದು ಮುಗಿದೇ ಇಲ್ಲ.

ಜಾತಕರ್ಮದ ನಂತರ ಮುದ್ರಾಧಾರಣೆ. ಮಠದಲ್ಲಿ ಸ್ವಾಮಿಗಳು ಶಂಖಚಕ್ರ ಒತ್ತುವ ಹಾಗೆ ಅಟೆಂಡರಣ್ಣ ಶೀರ್ಷಿಕೆ ಪುಟಕ್ಕೊಂದು, ಕೊನೆಯ ಪುಟಕ್ಕೊಂದು, ಗುಪ್ತ ಪುಟಕ್ಕೊಂದು ಮುದ್ರೆ ಒತ್ತುತ್ತಾನೆ. ಗುಪ್ತ ಪುಟ ಗೊತ್ತಿಲ್ಲದವರಿಗಾಗಿ: ಕಳ್ಳ ಮೊದಲ ಪುಟ, ಕೊನೆ ಪುಟ ಹರಿದುಕೊಂಡು ಹೋದರೂ ಪುಸ್ತಕ ನಮ್ಮದೇ ಎಂದು ಸಾಬೀತುಮಾಡಲು ಗ್ರಂಥಾಲಯ ಒಳಗೊಂದು ಪುಟವನ್ನು ಗುಟ್ಟಾಗಿ ನಿಗದಿ ಮಾಡಿಕೊಂಡಿರುತ್ತದೆ. ಇಲ್ಲಿ ಅದು 51ನೇ ಪುಟ. ಎಲ್ಲ ಪುಸ್ತಕಕ್ಕೂ ಅದೇ ಪುಟ, ದಶಕಗಳಿಂದ ಅದೇ ಪುಟ. ಒಂದು ಪುಸ್ತಕ ಎರವಲು ಪಡೆದ ಯಾವ ಹುಡುಗನಿಗೂ ಗೊತ್ತಿರುವ ಈ ಗುಟ್ಟು ಗೊತ್ತಿಲ್ಲದವನು ಬಹುಶಃ ಕುಲಪತಿಯೊಬ್ಬರೇ.

ಈಗ ನನ್ನ ಸಂಕಲನಕ್ಕೆ ಬನ್ನಿ. 48 ಪುಟ. 51 ಎಲ್ಲಿಂದ ತರುವುದು?

ಅಟೆಂಡರಣ್ಣ ಪ್ರಾಮಾಣಿಕ. 'ಗುಪ್ತ ಪುಟದ ಮುದ್ರೆ: ಇಲ್ಲ' ಅಂತ ಬರೆದ. ಅದನ್ನು ಆಡಿಟ್ಟಿನವರು ನೋಡಿದರು. ಪುಟಗಳು ಗ್ರಂಥಾಲಯದಲ್ಲಿ ಕಾಣೆಯಾದವೋ, ಅಥವಾ ಸರಬರಾಜುದಾರರೇ ಮೂರು ಪುಟ ಕಡಿಮೆ ಸರಬರಾಜು ಮಾಡಿದರೋ ಎಂದು ವಿವರಣೆ ಕೇಳಿದರು. ಕವಿ ಬರೆದದ್ದೇ ಅಷ್ಟು ಎಂಬ ಉತ್ತರ ಅವರಿಗೆ ಸಮಾಧಾನ ತರಲಿಲ್ಲ. ಆಧಾರ ಸಹಿತ ಸಲ್ಲಿಸಿ ಅಂದರು. ಕಡತ ತೆರೆಯಿತು. ಎರಡು ಖಾಲಿ ಹಾಳೆ ಅಂಟಿಸಿದರೆ 52 ಪುಟವಾಗುತ್ತದೆ, 51ರಲ್ಲಿ ಮುದ್ರೆ ಒತ್ತಬಹುದು ಎಂದು ಮೇಡಂ ಟಿಪ್ಪಣಿ ಹಾಕಿದರು. ಹಾಳೆಯ ಖರ್ಚು ಯಾವ ಲೆಕ್ಕಶೀರ್ಷಿಕೆಗೆ ಎಂಬ ಪ್ರಶ್ನೆಯೊಂದಿಗೆ ಟಿಪ್ಪಣಿ ವಾಪಸ್ಸು ಬಂತು. ಕಡತ ತೂಗಿ ನೋಡಿದೆ, ನನ್ನ ಸಂಕಲನಕ್ಕಿಂತ ದಪ್ಪ. ನನ್ನ ಕಾವ್ಯದ ಬಗ್ಗೆ ಇಷ್ಟು ವಿಸ್ತಾರವಾಗಿ ಕನ್ನಡದ ಯಾವ ವಿಮರ್ಶಕನೂ ಬರೆದಿಲ್ಲ. ಒಂದು ಜೆರಾಕ್ಸ್ ಕೇಳಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅಂದರು.

"ಅದಿರಲಿ ಮೇಡಂ, 597.95 ಅಂದರೇನು?"

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಸುದ್ದಿ ಹೇಳುವ ಮುಂಚೆ ಡಾಕ್ಟರು ಹೀಗೇ ಮಾಡುತ್ತಾರೆ.

ಪುಸ್ತಕಕ್ಕೆ ಗೋತ್ರ ಪ್ರವರ ಕೊಡುವ ಈ ಅಂಕಿಗಳು ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದ ಮಹಾಶಯ 1876ರಲ್ಲಿ ಹಾಕಿಕೊಟ್ಟ ದಾರಿ. ಲೋಕದ ಜ್ಞಾನವನ್ನೆಲ್ಲ ಹತ್ತು ಡಬ್ಬಿಗೆ ತುಂಬಿದ ಪುಣ್ಯಾತ್ಮ. ಧರ್ಮದ 200ರ ಡಬ್ಬಿಯಲ್ಲಿ 220ರಿಂದ 280ರವರೆಗೆ ಬೈಬಲ್ಲು, ಕ್ರೈಸ್ತ ಧರ್ಮ. ನಮ್ಮ ಮುಕ್ಕೋಟಿ ದೇವತೆಗಳಿಗೆ 294.5ರಲ್ಲಿ ಒಂದು ಚಾಪೆ. ಇಂಗ್ಲಿಷ್ ಸಾಹಿತ್ಯಕ್ಕೆ 820ರ ಬಂಗಲೆ. ಪಂಪನಿಂದ ಇಲ್ಲಿಯವರೆಗಿನ ಕನ್ನಡ ಸಾಹಿತ್ಯಕ್ಕೆ 'ಇತರೆ'ಯವರ ವಠಾರದಲ್ಲಿ, ದಶಮಾಂಶ ಬಿಂದುವಿನ ಆಚೆ, 894.814 ಅಂತ ಒಂದು ಬಾಡಿಗೆ ಕೋಣೆ. ಇಷ್ಟಾಗಿಯೂ ಆ ವಠಾರದಲ್ಲಿ ಜಾಗ ಸಿಕ್ಕಿದ್ದರೆ ನಾನು ಧನ್ಯ. ಕನ್ನಡ ಪದ್ಯಕ್ಕೆ 894.8141 ಬರಬೇಕು. ನನಗೆ ಬಂದಿದ್ದ 597.95 ಹಲ್ಲಿಗಳದು.

"ಹಲ್ಲಿ?"

"ಹಲ್ಲಿ ಸಾರ್. ಗೋಡೆ ಮೇಲಿನ ಹಲ್ಲಿ."

ಆದದ್ದು ಇಷ್ಟು. ಈ ಗ್ರಂಥಾಲಯದವರು ಹಿಂದೆ ಕನ್ನಡ ಪುಸ್ತಕಗಳ ವಿವರವನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಕನ್ನಡದಲ್ಲೇ ಕೂಡಿಸಿದ್ದರು. ಸಾಫ್ಟ್‌ವೇರ್ ಬದಲಾದ ದಿನ ಅದೆಲ್ಲ ಭೂತ ಮೆಟ್ಟಿದವರ ಬಡಬಡಿಕೆಯಂತೆ ಕಾಣತೊಡಗಿತು. ಸಭೆ ಸೇರಿ, ಇನ್ನು ಮುಂದೆ ಕನ್ನಡದ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹಾಕತಕ್ಕದ್ದೆಂದು ತೀರ್ಮಾನಿಸಿದರು. ಕೂಡಿಸುವ ಕೆಲಸ ಹೊರಗುತ್ತಿಗೆಗೆ ಹೋಯಿತು. ಪುಸ್ತಕಕ್ಕಿಷ್ಟು ಅಂತ ಕಾಸು. ಆ ಹುಡುಗರು ಬಂಡಲು ಬಿಚ್ಚುತ್ತಾ ಕೂತರೆ ಊಟಕ್ಕೆ ಗತಿಯಿಲ್ಲ. ಬಿಲ್ಲು ನೋಡಿಕೊಂಡೇ ಕೂಡಿಸಿದರು. ಇಂಗ್ಲಿಷ್ ಅಕ್ಷರದಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ಎಳೆಯೂ ಎಲೆಯೂ ಒಂದೇ, ಮನವೂ ಮಾನವೂ ಮಣವೂ ಒಂದೇ. ಗೋಡೆಯ ಮೇಲೆ ಇರುವುದು ಹಳ್ಳಿಯೋ ಹಲ್ಲಿಯೋ ಎಂದರೆ ಬುದ್ಧಿ ನೆಟ್ಟಗಿರುವವರು ಯಾರಾದರೂ ಹಲ್ಲಿ ಎಂದೇ ಹೇಳುತ್ತಾರೆ, ಆ ಹುಡುಗರ ತಪ್ಪೇನೂ ಇಲ್ಲ.

ಸರೀಸೃಪವಾದದ್ದು ನಾನೊಬ್ಬನೇ ಅಲ್ಲ ಎಂಬ ಸಮಾಧಾನವೂ ಸಿಕ್ಕಿತು. ಹೆಸರಿನಲ್ಲಿ ಮೀನಿದ್ದ ಕಥಾಸಂಕಲನ ಮೀನುಗಾರಿಕೆಯ 639.2ರಲ್ಲಿ, ಬೇರು ಅಂತಿದ್ದ ಆತ್ಮಕಥೆ ಸಸ್ಯಶಾಸ್ತ್ರದ 580ರಲ್ಲಿ ನೆಮ್ಮದಿಯಾಗಿವೆಯಂತೆ. ಕುವೆಂಪು, ಕೆ.ವಿ. ಪುಟ್ಟಪ್ಪ, ಪುಟ್ಟಪ್ಪ ಕೆ.ವಿ. ಎಂಬ ಮೂವರು ಪ್ರತಿಭಾವಂತರು ಸೂಚಿಯಲ್ಲಿ ಪರಸ್ಪರ ಪರಿಚಯವಿಲ್ಲದೆ ಬದುಕುತ್ತಿದ್ದಾರೆ. ನನ್ನ ವಿಷಯದಲ್ಲಿ ಮಾತ್ರ ಭಿನ್ನಮತವೂ ಎದ್ದಿತ್ತು. ಪಂಚಾಂಗದ ಹಿಂದೆ ಇರುವ ಹಲ್ಲಿ ಬಿದ್ದ ಫಲ ನೆನಪಿದ್ದ ಹಿರಿಯರೊಬ್ಬರು, ಇದು ಪ್ರಾಣಿಶಾಸ್ತ್ರವಲ್ಲ, ಶಕುನ, 133.3ಕ್ಕೆ ಹಾಕಿ ಎಂದು ವಾದಿಸಿದರಂತೆ. ತೀರ್ಮಾನವಾಗುವ ಮೊದಲು ನಿವೃತ್ತರಾದರು. ಪುಸ್ತಕ ತೆರೆದು ನೋಡಿ ಎಂದು ಯಾರೂ ಹೇಳಲಿಲ್ಲವೇ ಅಂದೆ. "ಕಡತ ಮುಗಿಯೋ ತನಕ ಪುಸ್ತಕ ಮುಟ್ಟೋ ಹಾಗಿಲ್ಲ ಸಾರ್" ಅಂದರು ಮೇಡಂ.

ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಎಸ್.ಆರ್. ರಂಗನಾಥನ್ ಅವರ ಪಟ. ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರ ಕೊಟ್ಟವರು. ಡ್ಯೂಯಿಯ ಡಬ್ಬಿ ಸಾಲದೆಂದು 1933ರಲ್ಲಿ ತಮ್ಮದೇ ಕೋಲನ್ ವರ್ಗೀಕರಣ ತಂದವರು. ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲೇ ಗ್ರಂಥಾಲಯಶಾಸ್ತ್ರದ ತರಬೇತಿ ಕೇಂದ್ರ ಡಿಆರ್‌ಟಿಸಿ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಪ್ರತಿ ಆಗಸ್ಟ್ 12ಕ್ಕೆ ಅವರ ಪಟಕ್ಕೆ ಹಾರ ಹಾಕಿ, ಐದು ಸೂತ್ರ ಪಠಿಸಿ, ಉಪ್ಪಿಟ್ಟು ಕೇಸರಿಬಾತು ತಿಂದು, ಮಧ್ಯಾಹ್ನದಿಂದ ಡ್ಯೂಯಿಯ ಕೆಲಸ ಮುಂದುವರಿಸುತ್ತಾರೆ. ಮೊದಲ ಸೂತ್ರ: ಪುಸ್ತಕ ಇರುವುದು ಬಳಕೆಗೆ. ನಾಲ್ಕನೆಯದು: ಓದುಗನ ಸಮಯ ಉಳಿಸಿ. ಆಗ ಕೋಣೆಯಲ್ಲಿ ನನ್ನ ಸಮಯ ಮಧ್ಯಾಹ್ನದ ಎರಡೂವರೆ ದಾಟಿತ್ತು.

ಆದರೆ ಮೇಡಂ ಬಳಿ ರಂಗನಾಥನ್ನರಿಗಿಂತ ಗಟ್ಟಿಯಾದ ಒಂದು ಸೂತ್ರವಿತ್ತು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು. ಕೇಂದ್ರದ ನಿಯಮವಾದರೂ ಗ್ರಂಥಪಾಲಕರಿಗೆ ಅದು ಹನುಮಾನ್ ಚಾಲೀಸಾ. ವರ್ಷದಲ್ಲಿ ಎರವಲು ಕೊಟ್ಟ, ಪರಾಮರ್ಶೆಗೆ ತೆಗೆದ ಪುಸ್ತಕಗಳಲ್ಲಿ ಸಾವಿರಕ್ಕೆ 5 ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಿಸಬಹುದು. ಸಾವಿರ ರೂಪಾಯಿ ಮೀರಿದ ಪುಸ್ತಕ, ಇಲ್ಲವೇ ಬೆಲೆ ಎಷ್ಟೇ ಇರಲಿ ಅಪರೂಪದ ಪುಸ್ತಕ, ಕಳೆದರೆ ಮಾತ್ರ ತನಿಖೆ ತಪ್ಪದು. ನಿಯಮ ಉದಾರವಾಗಿಯೇ ಇದೆ. ನಮ್ಮ ಕಚೇರಿಗಳು ಅದನ್ನು ಓದಿಕೊಂಡದ್ದು ಬೇರೆ ಥರ.

"ಪುಸ್ತಕ ರ‍್ಯಾಕಿಗೆ ಹೋಯ್ತು ಅನ್ನಿ ಸಾರ್. ಯಾರೋ ತೆಗೀತಾರೆ, ಎಲ್ಲೋ ಇಡ್ತಾರೆ, ಬ್ಯಾಗಿಗೆ ಹಾಕ್ಕೊಂಡು ಹೋಗ್ತಾರೆ. ಸ್ಟಾಕ್ ವೆರಿಫಿಕೇಶನ್ನಲ್ಲಿ ಸಿಗಲ್ಲ. ನನ್ನ ಪೆನ್ಶನ್ ಪೇಪರಿಗೆ ನೋ ಡ್ಯೂ ಕೊಡಲ್ಲ. ಇಲ್ಲೇ ಇದ್ರೆ? ಬಂಡಲ್ ಎಣಿಸಿ, ಟಿಕ್ ಹಾಕಿ, ಮುಗೀತು. ಮೂವತ್ತು ವರ್ಷದಲ್ಲಿ ಈ ಕೋಣೆಯಿಂದ ಒಂದೇ ಒಂದು ಪುಸ್ತಕ ಕಳೆದಿಲ್ಲ."

ಹೆಮ್ಮೆ ಇತ್ತು ಆ ಮಾತಿನಲ್ಲಿ, ಮತ್ತು ಅದು ಸುಳ್ಳು ಹೆಮ್ಮೆಯೂ ಅಲ್ಲ. ಒಬ್ಬರೇ ಕೂತು ಮೂರು ಜನರ ಕೆಲಸ ಮಾಡುವಾಕೆ. ನಾನಿದ್ದ ಎರಡು ಗಂಟೆಯಲ್ಲಿ ಆಕೆ ಮಾತಾಡುತ್ತಲೇ ಇಪ್ಪತ್ತು ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿದರು, ಒಂದೂ ಸೊಟ್ಟವಾಗಲಿಲ್ಲ. ಓದುಗ ಪುಸ್ತಕ ಕಳೆದರೆ ಶಿಕ್ಷೆ ಅವರಿಗೆ. ಓದುಗನಿಗೆ ಪುಸ್ತಕವೇ ಸಿಗದಿದ್ದರೆ ಯಾರಿಗೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೆ ಬಾಗಿಲಿಗೆ ಇನ್ನೊಂದು ಬೀಗ ಹಾಕಿಸುತ್ತಿದ್ದೆ.

ಹೊರಡುವಾಗ ನಾಚಿಕೆ ಬಿಟ್ಟು ಕೇಳಿದೆ. "ಒಂದು ಸಲ ನೋಡಬಹುದಾ ಮೇಡಂ, ನನ್ನ ಪುಸ್ತಕ?"

ಅಟೆಂಡರಣ್ಣ ಮೂಲೆಯ ಬಂಡಲಿನ ಗಂಟು ಬಿಚ್ಚಿ ತಂದುಕೊಟ್ಟ. ಹೊಚ್ಚ ಹೊಸದು. ಎಂಟು ವರ್ಷದಲ್ಲಿ ಒಬ್ಬನೂ ತೆರೆಯದ ಪುಸ್ತಕದ ವಾಸನೆ. ಮಂಚದ ಕೆಳಗಿರುವ ನೂರೂ ಗೆದ್ದಲು ಹಿಡಿದಿವೆ. ಇದೊಂದೇ ಹೀಗೆ ಉಳಿದದ್ದು. ಶೀರ್ಷಿಕೆ ಪುಟದಲ್ಲಿ ದುಂಡನೆಯ ಮುದ್ರೆ, ನನ್ನ ಹೆಸರಿನ ಮೇಲೆಯೇ ಒತ್ತಿದ್ದರಿಂದ ಕವಿ ಯಾರೆಂದು ತಿಳಿಯುತ್ತಿರಲಿಲ್ಲ. ಒಂದು ಪದ್ಯ ಓದಿಕೊಳ್ಳೋಣವೆಂದು ಕುರ್ಚಿ ಎಳೆದೆ.

"ಇಲ್ಲಿ ಓದೋ ಹಾಗಿಲ್ಲ ಸಾರ್," ಅಂದ ಅಟೆಂಡರಣ್ಣ, ವಿನಯದಿಂದಲೇ. "ಓದಿದ್ರೆ ಪರಾಮರ್ಶೆ ಲೆಕ್ಕಕ್ಕೆ ಬರತ್ತೆ."

ವಾಪಸ್ಸು ಕೊಟ್ಟೆ. ಅವನು ದಾರ ಸುತ್ತಿ ಮತ್ತೆ ಮೂಲೆಗಿಟ್ಟ. ಮೇಡಂ ಬಾಗಿಲವರೆಗೂ ಬಂದರು.

"ಬೇಜಾರು ಮಾಡ್ಕೋಬೇಡಿ ಸಾರ್. ಮುಂದಿನ ಮಾರ್ಚ್ ಒಳಗೆ ನಿಮ್ಮ ಪುಸ್ತಕ ಖಂಡಿತ ರ‍್ಯಾಕಿಗೆ ಬರತ್ತೆ."

ರಂಗನಾಥನ್ ಪಟದ ಹಿಂದಿನಿಂದ ಒಂದು ಹಲ್ಲಿ ಅರ್ಧ ಮೈ ಹೊರಗೆ ಹಾಕಿ ನಮ್ಮನ್ನೇ ನೋಡುತ್ತಿತ್ತು. ಮೇಡಂ ಅದರ ಕಡೆ ತಿರುಗಿ, ಬೆರಳು ಮಡಚಿ ಬಾಗಿಲು ತಟ್ಟಲು ಸಿದ್ಧರಾಗಿ ನಿಂತರು. ನಾನೂ ನಿಂತೆ. ಅಟೆಂಡರಣ್ಣನೂ ಅಂಟಿನ ಕೈ ಮೇಲೆತ್ತಿ ನಿಂತ.

ಅದು ಲೊಚ್ ಅನ್ನಲಿಲ್ಲ.